ತೋಳು ಬಿಚ್ಚಿ ಹೊಲಿಯುವವರು

ಸಾನ್ ಸೆಬಾಸ್ಟಿಯನ್, ಸ್ಪೇನ್
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಚೆನ್ನಾಗಿದ್ದೇನೆ. ನೀನು, ಅಪ್ಪ, ಪುಟ್ಟಿ ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಇದನ್ನೆಲ್ಲ ಫೋನಲ್ಲೇ ಹೇಳಬಹುದಿತ್ತು. ಆದರೆ ನೀನು ಮಿಷನ್ ತುಳಿಯುತ್ತಾ ‘ಹೂಂ, ಹೂಂ’ ಅಂತೀಯ, ಅರ್ಧ ಕಿವಿಗೇ ಬೀಳೋದಿಲ್ಲ. ಕಾಗದವಾದರೆ ಊಟ ಆದಮೇಲೆ ಕನ್ನಡಕ ಹಾಕಿಕೊಂಡು ಎರಡು ಸಲ ಓದ್ತೀಯ ಅಂತ ಗೊತ್ತು.

ಮೊದಲು ನನ್ನ ದುಃಖ ಕೇಳು. ಹೋದ ತಿಂಗಳು ತಗೊಂಡ ಉಣ್ಣೆ ಕೋಟಿನ ತೋಳು ಉದ್ದ ಅಂತ ಹೇಳಿದ್ದೆನಲ್ಲ, ಅದನ್ನು ಇಲ್ಲೊಂದು ಅಂಗಡಿಗೆ ಕೊಟ್ಟೆ. ಮುಂಗೈ ಹತ್ತಿರ ಗುಂಡಿ ಇದೆ, ಅಲ್ಲಿ ಕತ್ತರಿಸೋಕಾಗಲ್ಲ ಅಂತ ಹೆಗಲಲ್ಲಿ ಬಿಚ್ಚಿ ತೋಳನ್ನು ಮೇಲಕ್ಕೆಳೆದು ಕೂರಿಸಿದ್ದಾರೆ. ಈಗ ಬಸ್ಸಿನಲ್ಲಿ ಕಂಬಿ ಹಿಡಿಯಲು ಕೈ ಎತ್ತಿದರೆ ಇಡೀ ಕೋಟು ಕಿವಿ ತನಕ ಬರುತ್ತೆ! 22 ಯೂರೋ ಬೇರೆ. ರೂಪಾಯಿಗೆ ಲೆಕ್ಕ ಹಾಕಬೇಡ, ಬೇಜಾರಾಗುತ್ತೆ.

ಆ ಕೋಟು ಹಾಕಿಕೊಂಡೇ ಇವತ್ತು ಗೆತಾರಿಯಾ ಅನ್ನೋ ಊರಿಗೆ ಹೋಗಿದ್ದೆ. ಇಲ್ಲಿಂದ ಬಸ್ಸಿದೆ, ಕೊನೆಗೆ ಕಡಲ ಪಕ್ಕದಲ್ಲೇ ಹೋಗುತ್ತೆ. ಸಣ್ಣ ಊರು. ಮೀನುಗಾರರದು. ಹೋಟೆಲಿನವರು ರಸ್ತೆಯಲ್ಲೇ ಕೆಂಡದ ಮೇಲೆ ಇಡೀ ಮೀನು ಸುಡುತ್ತಾರೆ. ನಾನು ಬ್ರೆಡ್ಡು, ಚೀಸು ತಿಂದೆ, ಅಪ್ಪನಿಗೆ ಹೇಳು. ಈ ಊರಿನ ದರ್ಜಿಯೊಬ್ಬರ ಹೆಸರಲ್ಲಿ 2011ರಲ್ಲಿ ಒಂದು ಮ್ಯೂಸಿಯಂ ಮಾಡಿದ್ದಾರೆ. ಹೌದಮ್ಮ, ದರ್ಜಿಗೆ ಮ್ಯೂಸಿಯಂ. ಹೆಸರು ಕ್ರಿಸ್ಟೋಬಾಲ್ ಬಾಲೆನ್ಸಿಯಾಗಾ. ಪುಟ್ಟಿ ಈ ಹೆಸರು ಕೇಳಿದ ತಕ್ಷಣ ‘ಆ ದಪ್ಪ ಶೂ ಕಂಪನಿನಾ?’ ಅಂತಾಳೆ. ಅದೇ ಹೆಸರು. ಆದರೆ ಆ ಶೂಗೂ ಈ ಮನುಷ್ಯನಿಗೂ ಏನೂ ಸಂಬಂಧ ಇಲ್ಲ. ಅವರು ತೀರಿಕೊಂಡದ್ದೇ 1972ರಲ್ಲಿ.

ಹುಟ್ಟಿದ್ದು 1895ರಲ್ಲಿ. ಅಪ್ಪ ಕಡಲ ಕೆಲಸದವರು, ಹುಡುಗ ಚಿಕ್ಕವನಿರುವಾಗಲೇ ಹೋಗಿಬಿಟ್ಟರು. ಅಮ್ಮ ಹೊಲಿಗೆ ಮಾಡಿ ಮನೆ ನಡೆಸಿದರು. ಹುಡುಗ ಅಮ್ಮನ ಪಕ್ಕ ಕೂತು ಸೂಜಿ ಹಿಡಿಯೋದು ಕಲಿತ. ಇಲ್ಲಿವರೆಗೆ ಓದಿದರೆ ನಮ್ಮ ಬೀದಿ ಕತೆಯೇ, ಅಲ್ವಾ? ಮುಂದೆ ಕೇಳು. ಬೇಸಿಗೆ ಕಳೆಯಲು ಊರಿಗೆ ಬರುತ್ತಿದ್ದ ಒಬ್ಬ ದೊಡ್ಡ ಮನೆತನದ ಹೆಂಗಸು, ಕಾಸಾ ತೋರೆಸ್‌ನ ಮಾರ್ಕೇಸಾ ಅಂತಾರೆ, ಅವರ ಬಟ್ಟೆಯನ್ನು ಈ ಹುಡುಗ ಬಿಟ್ಟಕಣ್ಣು ಬಿಟ್ಟು ನೋಡುತ್ತಿದ್ದನಂತೆ. ‘ಇಂಥದ್ದು ಹೊಲಿಯೋಕೆ ಬರುತ್ತಾ ನಿಂಗೆ?’ ಅಂತ ಅವರು ಕೇಳಿ, ಪ್ಯಾರಿಸ್ಸಿನಿಂದ ತಂದ ಉಡುಪನ್ನೂ ಬಟ್ಟೆಯನ್ನೂ ಕೊಟ್ಟರಂತೆ. ಹುಡುಗ ಅದರ ಹಾಗೇ ಇನ್ನೊಂದು ಹೊಲಿದುಕೊಟ್ಟ ಅನ್ನೋದು ಕತೆ. ಎಷ್ಟು ನಿಜವೋ ಏನೋ. ಆದರೆ ಮ್ಯೂಸಿಯಂ ಇರೋದು ಆ ಹೆಂಗಸಿನ ಬಂಗಲೆಗೆ ಅಂಟಿಕೊಂಡೇ. 1960ರಲ್ಲಿ ಅದೇ ವಂಶದ ಹುಡುಗಿ ಫಾಬಿಯೋಲಾ ಬೆಲ್ಜಿಯಂ ರಾಣಿಯಾದಳು. ಅವಳ ಮದುವೆ ಉಡುಪು ಹೊಲಿದವರು ಬಾಲೆನ್ಸಿಯಾಗಾ ಅವರೇ.

12 ವರ್ಷಕ್ಕೆ ಸಾನ್ ಸೆಬಾಸ್ಟಿಯನ್ನಿಗೆ, ಅಂದ್ರೆ ಈಗ ನಾನಿರುವ ಊರಿಗೆ, ದರ್ಜಿ ಕೆಲಸ ಕಲಿಯಲು ಬಂದರು. 1917ರಲ್ಲಿ ಸ್ವಂತ ಅಂಗಡಿ. ಆಮೇಲೆ ಮ್ಯಾಡ್ರಿಡ್, ಬಾರ್ಸಿಲೋನಾ. 1936ರಲ್ಲಿ ದೇಶದೊಳಗೇ ಯುದ್ಧ ಶುರುವಾಯಿತು. ಅಂಗಡಿ ಮುಚ್ಚಿ ಪ್ಯಾರಿಸ್ಸಿಗೆ ಹೋಗಿ, 1937ರಲ್ಲಿ ಅಲ್ಲಿ ಬಾಗಿಲು ತೆರೆದರು. ಆಗ ವಯಸ್ಸು 42. ಆ ವಯಸ್ಸಲ್ಲಿ ಹೊಸ ದೇಶ, ಹೊಸ ಭಾಷೆ! ನಾನು 27ಕ್ಕೇ ಒದ್ದಾಡುತ್ತಿದ್ದೇನೆ. ಸ್ಪೇನಿನ ಅಂಗಡಿಗಳಿಗೆ ಅವರು ಇಟ್ಟ ಹೆಸರು ‘ಐಸಾ’. ಅಮ್ಮನ ತವರಿನ ಹೆಸರು ಐಸಗೀರೆ, ಅದನ್ನು ಚಿಕ್ಕದು ಮಾಡಿದ್ದು.

ಪ್ಯಾರಿಸ್ಸಿನಲ್ಲಿ ಮಾಡುತ್ತಿದ್ದುದು ಓತ್ ಕುತ್ಯೂರ್. ನಿನಗೆ ಹೇಗೆ ಹೇಳಲಿ? ಅಂಗಡಿಯಲ್ಲಿ ನೇತುಹಾಕಿ ಮಾರೋದಲ್ಲ. ಒಬ್ಬೊಬ್ಬರ ಅಳತೆ ತೆಗೆದು, ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ಬಿಚ್ಚಿ, ಮತ್ತೆ ಹೊಲಿಯೋದು. ಮುಕ್ಕಾಲು ಪಾಲು ಕೈ ಹೊಲಿಗೆಯೇ. ನೀನು ಮುಂದಿನ ಕೋಣೆಯಲ್ಲಿ ಕೂತು ಮಾಡೋದೂ ಅದೇ. ಅವರಿಗೆ ಅದಕ್ಕೊಂದು ಫ್ರೆಂಚ್ ಹೆಸರಿದೆ, ಆ ಹೆಸರನ್ನು ಯಾರು ಬಳಸಬಹುದು ಅಂತ ಕಾನೂನಿದೆ, ರೇಟು ಬೇರೆ ಇದೆ. ನೀನು ಫಾಲ್ಸ್ ಹಚ್ಚಿದ್ದಕ್ಕೂ ದುಡ್ಡು ಕೇಳೋಕೆ ಸಂಕೋಚ ಪಡ್ತೀಯ.

ಹೆಚ್ಚಿನ ಡಿಸೈನರ್‌ಗಳು ಚಿತ್ರ ಬರೆದು ಕೊಡುತ್ತಾರೆ, ಹೊಲಿಯೋರು ಬೇರೆ. ಈ ಮನುಷ್ಯ ಮಾತ್ರ ಕತ್ತರಿಸೋದರಿಂದ ಹೊಲಿಯೋವರೆಗೆ ಎಲ್ಲಾ ಬಲ್ಲವರು. ತೋಳು ಅಂದರೆ ಅವರಿಗೆ ಹುಚ್ಚು. ಮುಗಿದ ಕೋಟಿನ ತೋಳನ್ನೂ ಕಿತ್ತು ಮತ್ತೆ ಕೂರಿಸುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ನಗು ಬಂತು. ಎದುರು ಮನೆ ಟೀಚರ್ ಬ್ಲೌಸಿನ ತೋಳನ್ನು ನೀನು ಮೂರು ಸಲ ಬಿಚ್ಚಿದ್ದು ನೆನಪಿದೆಯಾ? ಅವರು ‘ಪರವಾಗಿಲ್ಲ ಬಿಡಿ, ಸರಿಯಾಗಿದೆ’ ಅಂತಿದ್ದರು. ನೀನು ಅವರ ಕೈ ಹಿಡಿದು ಮೇಲೆತ್ತಿ, ‘ಬೋರ್ಡ್ ಮೇಲೆ ಬರೆಯೋ ಹಾಗೆ ಮಾಡಿ ನೋಡಣ’ ಅಂದೆ. ಕಂಕುಳಲ್ಲಿ ಎಳೆಯಿತು. ಮತ್ತೆ ಬಿಚ್ಚಿದೆ.

ಮ್ಯೂಸಿಯಂ ಒಳಗೆ ಕತ್ತಲು ಕತ್ತಲು. ಬೆಳಕು ಬಿದ್ದರೆ ಬಟ್ಟೆ ಹಾಳಾಗುತ್ತೆ ಅಂತ. ಒಂದು ಕಪ್ಪು ಕೋಟಿನ ಮುಂದೆ ತುಂಬಾ ಹೊತ್ತು ನಿಂತೆ. ಎಲ್ಲರೂ ಮುಂದಿನಿಂದ ನೋಡಿ ಹೋಗುತ್ತಿದ್ದರು, ನಾನು ನಿನ್ನ ಮಗಳಲ್ಲವಾ, ಬಗ್ಗಿ ಕಂಕುಳು ನೋಡಿದೆ. ಹೆಗಲೂ ತೋಳೂ ಒಂದೇ ತುಂಡು! ಹೆಗಲ ಮೇಲೆ ಹೊಲಿಗೆಯೇ ಇಲ್ಲ. ಟಕ್ಸ್ ಎಲ್ಲಿ ಅಂತ ಹುಡುಕಿದೆ, ಒಂದೂ ಸಿಗಲಿಲ್ಲ. ಬಟ್ಟೆಯನ್ನು ಅಡ್ಡಕ್ಕೆ ಹಿಡಿದು ಕತ್ತರಿಸಿದ್ದಾರೋ ಏನೋ, ನೀನಿದ್ದಿದ್ದರೆ ಒಂದು ನೋಟಕ್ಕೆ ಹೇಳುತ್ತಿದ್ದೆ. ತೋಳು ಮುಂಗೈಗಿಂತ ಮೇಲೆ ನಿಂತಿದೆ. ಬಳೆ ಕಾಣಲಿ ಅಂತಲೇ ಅವರು ಹಾಗೆ ಮಾಡುತ್ತಿದ್ದುದಂತೆ. ಕಾಲರ್ ಕೂಡ ಕತ್ತಿಗೆ ಅಂಟದೆ ಹಿಂದಕ್ಕೆ ಸರಿದು ನಿಂತಿದೆ, ಕತ್ತು ಉದ್ದ ಕಾಣಲಿ ಅಂತ. ಮೈ ಹೇಗೇ ಇರಲಿ, ಬಟ್ಟೆ ಅದನ್ನು ನೋಡಿಕೊಳ್ಳುತ್ತೆ. 1951ರಲ್ಲಿ ಅವರು ಮಾಡಿದ ಸೂಟು ಮುಂದೆ ಮೈಗೆ ಸರಿಯಾಗಿ ಕೂರುತ್ತಿತ್ತು, ಬೆನ್ನಿಗೆ ಸಡಿಲವಾಗಿತ್ತು. ಬೆನ್ನು ಸ್ವಲ್ಪ ಬಾಗಿದವರಿಗೂ ಚೆಂದ. ದೊಡ್ಡಮ್ಮನಿಗೆ ಹೇಳಿ ಮಾಡಿಸಿದ ಹಾಗೆ.

1957ರಲ್ಲಿ ಸೊಂಟವೇ ಇಲ್ಲದ, ಮೇಲಿಂದ ಕೆಳಗೆ ನೇರ ಇಳಿಯೋ ಉಡುಪು ಮಾಡಿದರು. ‘ಗೋಣಿಚೀಲ’ ಅಂತಲೇ ಅದರ ಹೆಸರು. ಆಗ ಪ್ಯಾರಿಸ್ಸಿನಲ್ಲಿ ಎಲ್ಲರೂ ಸೊಂಟ ಬಿಗಿದು ಉಸಿರು ಕಟ್ಟಿಕೊಂಡು ಓಡಾಡುತ್ತಿದ್ದ ಕಾಲ. ಬೈದವರೇ ಜಾಸ್ತಿ. ನಮ್ಮ ಬೀದಿಯ ಹೆಂಗಸರು ಬೆಳಗಿನಿಂದ ಸಂಜೆ ತನಕ ನೈಟಿಯಲ್ಲಿ ಇರೋದನ್ನು ಅವರಿಗೆ ತೋರಿಸಬೇಕಿತ್ತು.

ಇನ್ನೊಂದು ಸಂಗತಿ ನಿನಗೆ ಇಷ್ಟವಾಗುತ್ತೆ. ಬೇಕಾದ ಬಟ್ಟೆ ಸಿಗದೆ, 1958ರಲ್ಲಿ ಸ್ವಿಟ್ಜರ್ಲೆಂಡಿನ ಅಬ್ರಹಾಂ ಅನ್ನೋ ಕಂಪನಿ ಜೊತೆ ಸೇರಿ ಒಂದು ರೇಷ್ಮೆ ಮಾಡಿಸಿದರು. ಗಝಾರ್ ಅಂತ. ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯ್ದದ್ದು. ಗಂಜಿ ಹಾಕದೆಯೇ ಗಂಜಿ ಹಾಕಿದ ಹಾಗೆ ನಿಲ್ಲುತ್ತೆ! ಅದರಲ್ಲಿ 1967ರಲ್ಲಿ ಮದುವೆ ಉಡುಪು ಮಾಡಿದರು. ಕಸೂತಿ ಇಲ್ಲ, ಲೇಸಿಲ್ಲ, ಹೊಲಿಗೆಯಂತೂ ತೀರಾ ಕಮ್ಮಿ. ಫೋಟೋದಲ್ಲಿ ನೋಡಿದೆ. ಮಗ್ಗಂ ವರ್ಕ್ ಇಲ್ಲದಿದ್ದರೆ ಮದುಮಗಳೇ ಅಲ್ಲ ಅನ್ನೋ ನಿನ್ನ ಗಿರಾಕಿಗಳು ಅದನ್ನು ಮುಟ್ಟೋದಿಲ್ಲ ಬಿಡು.

ತಮ್ಮ ಶೋಗಳಲ್ಲಿ ಕೊನೆಗೆ ಬಂದು ಕೈ ಮುಗಿಯುವ ಅಭ್ಯಾಸವೇ ಅವರಿಗಿರಲಿಲ್ಲ. ಪರದೆ ಹಿಂದೆ ಇರುತ್ತಿದ್ದರು. ಪತ್ರಿಕೆಯವರನ್ನು ಕಂಡರೆ ಆಗುತ್ತಿರಲಿಲ್ಲ. 1968ರಲ್ಲಿ ಅಂಗಡಿಗಳನ್ನೆಲ್ಲ ಮುಚ್ಚಿಬಿಟ್ಟರು. ಜನ ಸಿದ್ಧ ಉಡುಪಿನ ಕಡೆ ಹೋಗುತ್ತಿದ್ದರು, ಅದು ಇವರ ಕೈಗೆ ಒಗ್ಗುವ ಕೆಲಸವಲ್ಲ. ಮಾನಾ ಬಿಸ್ಮಾರ್ಕ್ ಅನ್ನೋ ಶ್ರೀಮಂತ ಗಿರಾಕಿ ಸುದ್ದಿ ಕೇಳಿ ಮೂರು ದಿನ ಕೋಣೆ ಬಿಟ್ಟು ಹೊರಗೇ ಬರಲಿಲ್ಲವಂತೆ. ನನಗೆ ಅವರಿಗಿಂತ, ಕೆಲಸ ಹೋದ ಹೊಲಿಗೆಯ ಹೆಂಗಸರು ಏನು ಮಾಡಿದರೋ ಅನ್ನಿಸಿತು. ಅಷ್ಟು ವರ್ಷ ಕಾಜಾ, ಹೆಮ್ಮಿಂಗ್ ಮಾಡಿದವರ ಹೆಸರು ಯಾವ ಉಡುಪಿನ ಮೇಲೂ ಇಲ್ಲ.

ಬಾಲೆನ್ಸಿಯಾಗಾ ಅವರನ್ನು ಮಣ್ಣು ಮಾಡಿದ್ದು ಗೆತಾರಿಯಾದಲ್ಲೇ. ಅಲ್ಲಿಗೂ ಹೋಗೋಣ ಅಂತಿದ್ದೆ, ಮಳೆ ಶುರುವಾಯಿತು. ಕೊಡೆ ಹಿಡಿಯಲು ಕೈ ಎತ್ತಿದರೆ ಕೋಟು ಮೇಲೆ ಹೋಗಿ ಸೊಂಟವೆಲ್ಲ ನೆನೆಯಿತು. ಬಸ್ಸು ಹತ್ತಿ ಬಂದುಬಿಟ್ಟೆ.

ಇಲ್ಲಿ ಇನ್ನು ಯಾರಿಗೂ ಕೋಟು ಕೊಡಲ್ಲ. ಡಿಸೆಂಬರ್‌ನಲ್ಲಿ ಬರುವಾಗ ತರುತ್ತೇನೆ. ಉಣ್ಣೆಗೆ ನಿನ್ನ ಮಿಷನ್ನಿನ ಸೂಜಿ ಆಗಲ್ಲ, ಪೇಟೆಯಲ್ಲಿ 16 ನಂಬರಿಂದು ಸಿಗುತ್ತಾ ನೋಡಿಡು. ಅಪ್ಪನ ಹತ್ತಿರ ಬಿಪಿ ಮಾತ್ರೆ ತಪ್ಪಿಸಬೇಡಿ ಅಂತ ಹೇಳು. ಪುಟ್ಟಿಗೆ ಆ ಶೂ ಕೊಡಿಸೋದಿಲ್ಲ ಅಂತ ಈಗಲೇ ಹೇಳಿಬಿಡು.

ಇಂತಿ ನಿನ್ನ ಪ್ರೀತಿಯ ಮಗಳು

ಮರೆತಿದ್ದೆ: ನನ್ನ ಕೋಟಿನ ಎಡಗಡೆ ಹೆಗಲಲ್ಲಿ ಅಂಗಡಿಯವರು ಜಾಸ್ತಿಯಾದ ಬಟ್ಟೆ ಕತ್ತರಿಸಿಲ್ಲ, ಒಳಗೇ ಮಡಚಿದ್ದಾರೆ. ಮುಟ್ಟಿ ನೋಡಿದೆ, ಒಂದು ಇಂಚು ಇರಬಹುದು. ಬಲಗಡೆ ಗೊತ್ತಾಗುತ್ತಿಲ್ಲ. ಸಾಕಾಗುತ್ತಾ?