ಮುಯ್ಯಿಯ ಲೆಕ್ಕ ಹಿಡಿಯದ ನಿವೃತ್ತಿ ಸೂತ್ರ

ಮಾನ್ಯರೇ,

ಬೇಗ ನಿವೃತ್ತರಾಗುವುದು ಹೇಗೆಂದು ಹಣಕಾಸು ಪುಟಗಳಲ್ಲಿ ಬರುವ ಲೇಖನಗಳನ್ನು ಎರಡು ವರ್ಷಗಳಿಂದ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೇನೆ. ನನಗೀಗ 48. ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುವವಳು. 50ಕ್ಕೆ ಕೆಲಸ ಬಿಟ್ಟು, ಶಿವಮೊಗ್ಗದ ಪಕ್ಕದ ನಮ್ಮೂರಿಗೆ ಹೋಗಿ, ಅಮ್ಮನ ಜೊತೆ ಇದ್ದುಕೊಂಡು ಗಮಕವನ್ನು ಸರಿಯಾಗಿ ಕಲಿಯಬೇಕೆಂಬ ಆಸೆ. ಭಾನುವಾರದ ಒಂದು ಗಂಟೆಯ ಪಾಠದಲ್ಲಿ ಷಟ್ಪದಿ ಬಾಯಿಗೆ ಬರುತ್ತದೆ, ರಾಗ ಕೂರುವುದಿಲ್ಲ.

ಲೇಖನಗಳ ಸೂತ್ರ ಒಂದೇ: ವರ್ಷದ ಖರ್ಚಿನ 25 ಪಟ್ಟು ಕೂಡಿಡಿ, ಮೊದಲ ವರ್ಷ ಅದರಲ್ಲಿ ಶೇ 4ರಷ್ಟು ತೆಗೆಯಿರಿ, ಮುಂದೆ ಬೆಲೆ ಏರಿದಷ್ಟು ಏರಿಸಿಕೊಳ್ಳಿ. ಇದರ ಮೂಲ, 1994ರಲ್ಲಿ ಅಮೆರಿಕದ ವಿಲಿಯಂ ಬೆಂಗೆನ್ ಎಂಬ ಸಲಹೆಗಾರರು ತಮ್ಮ ದೇಶದ ಷೇರು, ಬಾಂಡುಗಳ ಹಳೆಯ ಅಂಕಿಗಳನ್ನಿಟ್ಟುಕೊಂಡು, ಕೂಡಿಟ್ಟ ಹಣ 30 ವರ್ಷ ಬಾಳಬೇಕೆಂದು ಹಾಕಿದ ಲೆಕ್ಕ. 50ಕ್ಕೆ 30 ಕೂಡಿದರೆ 80. ನಮ್ಮಮ್ಮನಿಗೆ ಈಗಲೇ 83, ಇನ್ನೂ ತಾನೇ ಅಕ್ಕಿ ಆರಿಸುತ್ತಾಳೆ. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ ಖರ್ಚು 12 ವರ್ಷದಲ್ಲಿ ದುಪ್ಪಟ್ಟು. ಕೆಲಸ ಬಿಟ್ಟ ದಿನವೇ ಕಂಪನಿಯ ಗುಂಪು ವಿಮೆ ಹೋಗುತ್ತದೆ. ಭವಿಷ್ಯನಿಧಿಯ (ಪಿಎಫ್) ಪಿಂಚಣಿ ಪೂರ್ತಿ ಸಿಗುವುದು 58ಕ್ಕೆ. 50ಕ್ಕೇ ಬೇಕೆಂದರೆ ಬಾಕಿ ಇರುವ ಒಂದೊಂದು ವರ್ಷಕ್ಕೂ ಶೇ 4ರ ಕತ್ತರಿ. ನನ್ನಂಥವರಿಗೆ ಆಮೇಲೆ ಉಳಿಯುವುದು ಕೆಲವೇ ಸಾವಿರ.

ಇಷ್ಟಾದರೂ ಹೇಗೋ ಹೊಂದಿಸಬಹುದಿತ್ತು. ತಿಂಗಳ ಖರ್ಚು 42,000. ಇಳಿಸಲು ಹೊರಟಾಗ ಸುಲಭವಾಗಿ ಸಿಕ್ಕಿದ್ದು ಒಂದೇ ಬಾಬ್ತು: ಮುಯ್ಯಿ. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ತಿಂಗಳಿಗೆ ಸರಾಸರಿ 2,000. ‘ಅನಗತ್ಯ ಖರ್ಚು’ ಎಂದು ಬರೆದು ಗೀಟು ಹಾಕಿದೆ. ಒಂದೂವರೆ ವರ್ಷ ಯಾವ ಶುಭಕಾರ್ಯಕ್ಕೂ ಹೋಗಲಿಲ್ಲ. ಸೋದರತ್ತೆಯ ಮೊಮ್ಮಗಳ ಮದುವೆಗೂ ‘ಕಚೇರಿಯಲ್ಲಿ ಲೆಕ್ಕಪರಿಶೋಧನೆ’ ಎಂದು ಸುಳ್ಳು ಹೇಳಿ, ಮೊಬೈಲಿನಲ್ಲೇ 501 ರೂಪಾಯಿ ಕಳಿಸಿ ಕೈತೊಳೆದುಕೊಂಡೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ಏನೂ ಅನ್ನದೆ ತನ್ನ ಮುಯ್ಯಿ ಪುಸ್ತಕ ತೆಗೆದು ಮುಂದಿಟ್ಟಳು. ಬೆನ್ನಿಗೆ ಬಟ್ಟೆ ಅಂಟಿಸಿದ ಉದ್ದನೆಯ ಪುಸ್ತಕ, ಮೂಲೆಗಳಲ್ಲಿ ಅರಿಶಿನದ ಕಲೆ. ಅಪ್ಪ ತೀರಿಕೊಂಡ ವರ್ಷದ ಪುಟದಲ್ಲಿ ಸೋದರತ್ತೆಯ ಹೆಸರಿನ ಮುಂದೆ: ‘ಅಕ್ಕಿ ಒಂದು ಮೂಟೆ, 300 ರೂ., ಮಗುವಿನ ಶಾಲೆಯ ಫೀಸು.’ ಆ ಮಗು ನಾನು. ‘ತೀರಿತು’ ಎಂದು ಬರೆಯುವ ಜಾಗ ಖಾಲಿಯಿತ್ತು.

ಲೆಕ್ಕದವಳಾದ್ದರಿಂದ ಲೆಕ್ಕವನ್ನೇ ಹೇಳುತ್ತೇನೆ. ತಿಂಗಳಿಗೆ 2,000 ಎಂದರೆ ವರ್ಷಕ್ಕೆ 24,000. ಅದರ 25 ಪಟ್ಟು 6 ಲಕ್ಷ. ನನ್ನ ಈಗಿನ ಉಳಿತಾಯದಲ್ಲಿ ಅಷ್ಟು ಕೂಡಿಡಲು ಒಂದೂವರೆ ವರ್ಷ ಬೇಕು. ಅಂದರೆ ಮುಯ್ಯಿ ಮಾಡುತ್ತಲೇ ಬದುಕಬೇಕಾದರೆ 50ಕ್ಕೆ ಅಲ್ಲ, ಐವತ್ತೊಂದೂವರೆಗೆ ನಿವೃತ್ತಿ. ಒಪ್ಪಿಕೊಂಡಿದ್ದೇನೆ. ಎಲ್ಲರನ್ನೂ ತಪ್ಪಿಸಿಕೊಂಡು ಊರಿಗೆ ಹೋದರೆ ನನ್ನ ಗಮಕ ಕೇಳುವವರಾದರೂ ಯಾರು?

ತಮ್ಮಲ್ಲಿ ಕೋರಿಕೆ ಇಷ್ಟೇ. ಇಬ್ಬರ ಸಂಬಳ ಬರುವ, ಕೊಡು-ಕೊಳ್ಳುವ ಹಂಗಿಲ್ಲದ ಮನೆಗಳ ಉದಾಹರಣೆಗಳು ಸಾಕಷ್ಟು ಬಂದಿವೆ. ಮುಂದಿನ ಬಾರಿ ತಜ್ಞರಿಂದ ಬರೆಸುವಾಗ ನಮ್ಮಂಥ ಮನೆಯ ಖರ್ಚಿನ ಪಟ್ಟಿಯೊಂದನ್ನೂ ಅವರ ಮುಂದಿಡಿ. ಮುಯ್ಯಿ, ಅಮ್ಮನ ಔಷಧಿ, ತಮ್ಮನ ಮಗನ ಕಾಲೇಜು ಫೀಸು ಎಲ್ಲ ಅದರಲ್ಲಿರಲಿ. ಬೇಕಿದ್ದರೆ ನನ್ನದನ್ನೇ ಕಳಿಸಿಕೊಡುತ್ತೇನೆ.

– ಓದುಗಳೊಬ್ಬಳು, ಹನುಮಂತನಗರ, ಬೆಂಗಳೂರು