ಶೃಂಗೇರಿಯ ಹಣ್ಣುಕಾಯಿ ಅಂಗಡಿ ಅಕ್ಕನಿಗೆ ಥ್ಯಾಂಕ್ಸ್

ಮಗಳಿಗೆ ಮೂರು ತುಂಬ್ತು ಅಂತ ಅಕ್ಷರಾಭ್ಯಾಸ ಮಾಡ್ಸೋಕೆ ಮೊನ್ನೆ ಉಡುಪಿಯಿಂದ ಶೃಂಗೇರಿಗೆ ಹೋಗಿದ್ವಿ, ಆಗುಂಬೆ ಘಾಟಿಯ 14 ತಿರುವು ಅವಳಿಗೆ ಆಗ್ಲೇ ಇಲ್ಲ, ದೇವಸ್ಥಾನದ ಹತ್ರ ಇಳಿಯೋಷ್ಟರಲ್ಲಿ ಹೊಸ ಜರಿ ಲಂಗದ ಮೇಲೆಲ್ಲ ವಾಂತಿ. ಬೇರೆ ಬಟ್ಟೆ ತಂದಿರ್ಲಿಲ್ಲ, ಮಗು ಅಳು, ನಂಗೂ ಕಣ್ಣಲ್ಲಿ ನೀರು. ಹಣ್ಣುಕಾಯಿ ಅಂಗಡಿ ಅಕ್ಕ ಒಬ್ರು ಏನೂ ಕೇಳದೆ ಒಳಗೆ ಕರ್ಕೊಂಡು ಹೋಗಿ, ಮುಖ ತೊಳ್ಸಿ, ಲಂಗ ಒದ್ದೆಬಟ್ಟೇಲಿ ಒರೆಸಿ ಫ್ಯಾನ್ ಕೆಳಗೆ ಹರಡಿದ್ರು. ಒಣಗೋವರೆಗೂ ತಮ್ಮ ಶಾಲು ಸುತ್ತಿ, ಮೂಸೋಕೆ ನಿಂಬೆಹಣ್ಣು ಕೊಟ್ಟು, "ಪುಟ್ಟೀ, ಆಮೇಲೆ ತುಂಗೇಲಿ ದೊಡ್ಡ ದೊಡ್ಡ ಮೀನು ನೋಡ್ತೀಯಂತೆ" ಅಂದ್ರು ನೋಡಿ, ಅಳು ನಿಂತೇ ಹೋಯ್ತು. ಶಾರದಾಂಬೆ ಸನ್ನಿಧೀಲಿ ಅಕ್ಕಿ ಮೇಲೆ ನಗ್ತಾನೇ ಬರೆದ್ಳು. ವಾಪಸ್ ಬಂದು ದುಡ್ಡು ಕೊಡೋಕೆ ಹೋದ್ರೆ ತಗೊಳ್ಲಿಲ್ಲ, ಮಗಳ ಕೈಗೆ ಎರಡು ಬಾಳೆಹಣ್ಣು ಇಟ್ರು. ಗಡಿಬಿಡೀಲಿ ಹೆಸರೂ ಕೇಳ್ಲಿಲ್ಲ. ಅಕ್ಕಾ, ತುಂಬಾ ಥ್ಯಾಂಕ್ಸ್.