ಊಟದ ದರ ಪರಿಷ್ಕರಣೆಯ ಹೊಸ ಕ್ರಮ: ಗ್ರಾಹಕರಿಗೆ ಪತ್ರ

ಬೆಂಗಳೂರು

ಮಾನ್ಯರೇ,

ಪೀಣ್ಯ ಮತ್ತು ರಾಜಾಜಿನಗರದ ಕಾರ್ಖಾನೆಗಳಿಗೆ ಮಧ್ಯಾಹ್ನದ ಊಟ ಒದಗಿಸುತ್ತಿರುವ ನಮ್ಮ ಮಹಿಳಾ ಸಹಕಾರ ಸಂಘವು, ಇಡೀ ವರ್ಷಕ್ಕೆ ಒಂದೇ ದರ ಗೊತ್ತುಪಡಿಸುವ ಪದ್ಧತಿಯನ್ನು ಬರುವ ಏಪ್ರಿಲ್ 1ರಿಂದ ಕೈಬಿಡಲಿದೆ. ದರದಲ್ಲಿ ದಿನಸಿ, ತರಕಾರಿ, ಎಣ್ಣೆ ಮತ್ತು ಅನಿಲದ ಪಾಲು ಇನ್ನು ಮೂರು ತಿಂಗಳಿಗೊಮ್ಮೆ ಪರಿಷ್ಕರಣೆಗೊಳ್ಳುತ್ತದೆ. ಅಡುಗೆಯವರ ಕೂಲಿಯ ಪಾಲು ಮಾತ್ರ, ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುವ ಏಪ್ರಿಲ್‌ನಲ್ಲಿ, ವರ್ಷಕ್ಕೊಮ್ಮೆ ಬದಲಾಗುತ್ತದೆ.

2023ರ ಜುಲೈನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೇರಿದಾಗ, ತರಕಾರಿ ಬೆಲೆ ಒಂದೇ ವರ್ಷದಲ್ಲಿ ಶೇ 37ರಷ್ಟು ಹೆಚ್ಚಿತ್ತು. ಕೋಲಾರ ಪಕ್ಕದಲ್ಲೇ ಇದ್ದರೂ ಟೊಮೆಟೊ ನಮ್ಮ ಕೈಗೆಟುಕಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕ ಸೊನ್ನೆಯಿಂದ ಶೇ 20ಕ್ಕೇರಿತು, 2025ರ ಮೇ ಕೊನೆಯಲ್ಲಿ ಶೇ 10ಕ್ಕಿಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 0.25ಕ್ಕೆ ಕುಸಿಯಿತು. ಇಷ್ಟು ಏರಿಳಿತದ ನಡುವೆ ದರವನ್ನು ವರ್ಷಪೂರ್ತಿ ಕಟ್ಟಿಹಾಕಿದರೆ, ಬೆಲೆ ಏರಿದಾಗ ಸಂಘಕ್ಕೆ ನಷ್ಟ, ಇಳಿದಾಗ ನಿಮಗೆ ನಷ್ಟ.

ಹಣದುಬ್ಬರ ಇಳಿದರೂ ಊಟದ ದರ ಏಕೆ ಇಳಿಯಲಿಲ್ಲವೆಂದು ಹಲವರು ಕೇಳಿದ್ದೀರಿ. ಅದು ನ್ಯಾಯವಾದ ಪ್ರಶ್ನೆ. ಹಣದುಬ್ಬರ ಎಂಬುದು ಬೆಲೆಯಲ್ಲ, ಬೆಲೆ ಏರುವ ವೇಗ. 100 ರೂಪಾಯಿಯ ಸಾಮಗ್ರಿ ಮೊದಲ ವರ್ಷ ಶೇ 7ರಷ್ಟು ಏರಿ 107 ರೂಪಾಯಿ ಆಗಿ, ಮರುವರ್ಷ ಹಣದುಬ್ಬರ ರಿಸರ್ವ್ ಬ್ಯಾಂಕಿನ ಗುರಿಯಾದ ಶೇ 4ಕ್ಕೇ ಇಳಿದರೂ, ಅದರ ಬೆಲೆ 111 ರೂಪಾಯಿ 28 ಪೈಸೆ ಆಗುತ್ತದೆಯೇ ಹೊರತು ಮತ್ತೆ 100ಕ್ಕೆ ಬರುವುದಿಲ್ಲ. ಸಾಮಗ್ರಿಯ ಬೆಲೆಯೇ ಇಳಿದ ತ್ರೈಮಾಸಿಕದಲ್ಲಿ ನಿಮ್ಮ ದರವನ್ನೂ ಇಳಿಸುತ್ತೇವೆ. ಅನ್ನ, ಸಾರು, ಪಲ್ಯದ ಅಳತೆ ತಗ್ಗಿಸಿ ಹಳೆಯ ದರವನ್ನೇ ಉಳಿಸಿಕೊಳ್ಳುವ ಸಲಹೆಯೂ ಬಂದಿತ್ತು. ದುಡಿದು ಹಸಿದವರ ತಟ್ಟೆಗೆ ಕೈಹಾಕಲು ನಮ್ಮ ಸದಸ್ಯೆಯರು ಒಪ್ಪಲಿಲ್ಲ.

ಇದರೊಂದಿಗೆ, ದಿನಕ್ಕೆ ಕನಿಷ್ಠ ಇಷ್ಟು ಊಟ ತೆಗೆದುಕೊಳ್ಳಲೇಬೇಕೆಂಬ ಷರತ್ತನ್ನೂ ತೆಗೆದುಹಾಕಿದ್ದೇವೆ. ಆರ್ಥಿಕತೆ ಹಿಂಜರಿತದತ್ತ ಹೊರಳಿ ಆರ್ಡರ್‌ಗಳು ಕಡಿಮೆಯಾದಾಗ, ಸಾಮಾನ್ಯವಾಗಿ ಮೊದಲು ಓವರ್‌ಟೈಮ್ ನಿಲ್ಲುತ್ತದೆ, ಬಳಿಕ ಒಂದು ಪಾಳಿ, ಆಮೇಲೆ ಗುತ್ತಿಗೆ ಕಾರ್ಮಿಕರ ಕೆಲಸ. ದೇಶದ ನಿರುದ್ಯೋಗ ಪ್ರಮಾಣ 2023-24ರಲ್ಲಿ ಶೇ 3.2 ಎಂದು ಸರ್ಕಾರಿ ಸಮೀಕ್ಷೆ ಹೇಳಿತ್ತು. ಆದರೆ ಅದೇ ಸಮೀಕ್ಷೆಯ ವಾರದ ಲೆಕ್ಕದಲ್ಲಿ, 7 ದಿನಗಳಲ್ಲಿ ಒಂದೇ ಗಂಟೆ ದುಡಿದವರೂ ಉದ್ಯೋಗಸ್ಥರೇ. ವಾರಕ್ಕೆ ಆರು ದಿನವಿದ್ದ ಕೆಲಸ ಮೂರು ದಿನಕ್ಕಿಳಿದ ಕಾರ್ಮಿಕನ ಕಷ್ಟ ನಿರುದ್ಯೋಗದ ಅಂಕಿಯಲ್ಲಿ ಕಾಣುವುದಿಲ್ಲ, ನಮ್ಮ ಊಟದ ಕೂಪನ್ ಲೆಕ್ಕದಲ್ಲಿ ಕಾಣುತ್ತದೆ. ಅಂಥ ತಿಂಗಳಲ್ಲಿ ಸಣ್ಣ ವರ್ಕ್‌ಶಾಪಿನವರು ಯಾರೂ ಉಣ್ಣದ ಊಟಕ್ಕೆ ಹಣ ತೆರುವುದು ಸರಿಯಲ್ಲವೆಂದು ನಾವು ದೃಢವಾಗಿ ನಂಬಿದ್ದೇವೆ. ಹಿಂದಿನ ದಿನ ಸಂಜೆ 5 ಗಂಟೆಯೊಳಗೆ ಸಂಖ್ಯೆ ತಿಳಿಸಿದರೆ ಸಾಕು.

ಪ್ರತಿ ಪರಿಷ್ಕರಣೆಯನ್ನೂ 15 ದಿನ ಮುಂಚಿತವಾಗಿ, ಯಶವಂತಪುರ ಎಪಿಎಂಸಿಯ ನಮ್ಮ ಖರೀದಿ ರಸೀದಿಗಳ ಪ್ರತಿಯೊಂದಿಗೆ ತಿಳಿಸುತ್ತೇವೆ. ಈಗಾಗಲೇ ಒಪ್ಪಂದ ಮಾಡಿಕೊಂಡವರಿಗೆ, ಅದರ ಅವಧಿ ಮುಗಿಯುವವರೆಗೆ ಹಳೆಯ ದರವೇ ಅನ್ವಯಿಸುತ್ತದೆ.

ಇಂತಿ,
ಕಾರ್ಯದರ್ಶಿ